ಆರೂಕಾಲರ ಸಭೆಗೆ ಶಾಹೀನ್ ಆಪಾ ಹಾಜರ್

ಹನ್ನೊಂದು ನಿಮಿಷ ನಾನು ಹೆಂಗಸಾಗಿದ್ದೆ. ಯಾರೋ ಒಬ್ಬ ಹೆಂಗಸಲ್ಲ. ಸುರಪುರದ ರಂಗಂಪೇಟೆಯ ಶಾಹೀನ್ ಬೇಗಂ, ವಯಸ್ಸು ನಲವತ್ತರ ಹತ್ತಿರ, ಇಬ್ಬರು ಮಕ್ಕಳ ತಾಯಿ, ನನ್ನ ಜತೆ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದವರು, ನಾನು ಆಪಾ, ಅಂದರೆ ಅಕ್ಕ, ಅಂತ ಕರೆಯುತ್ತಿದ್ದವರು. ವೇಷ ಹಾಕಲಿಲ್ಲ, ಬರೀ ದನಿಯಲ್ಲಿ ಆದೆ. ಆ ಹನ್ನೊಂದು ನಿಮಿಷದಲ್ಲಿ ಆಕೆಯ ನೌಕರಿಗೆ ಎಷ್ಟು ಹಾನಿ ಮಾಡಬಹುದೋ ಅಷ್ಟನ್ನೂ ಮಾಡಿ, ಕೊನೆಗೆ ‘ಥ್ಯಾಂಕ್ಯೂ ರಿ ಸರ್’ ಅಂತ ಬಹಳ ಮರ್ಯಾದೆಯಿಂದ ಕಾಲ್ ಮುಗಿಸಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ. ಅಷ್ಟು ಕೆಟ್ಟ ಕೆಲಸವೂ ಇನ್ನೊಂದಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ಹೋದ ವಾರ, ಶಹಾಪುರದ ಒಂದು ಕೂಲರ್ ಅಂಗಡಿಯಲ್ಲಿ. ಈಗ ನನ್ನ ಕಸುಬು ಅಂಗಡಿಯವರಿಗೆ ದನಿ ಕೊಡುವುದು. ಆಟೊ ಮೇಲೆ ಮೈಕ್ ಕಟ್ಟಿಕೊಂಡು ‘ಬರ್ರಿ ಬರ್ರಿ, ಸೀರಿ ಸೇಲ್ ಬರ್ರಿ’ ಅಂತ ಕೂಗುತ್ತಾ ಯಾದಗಿರಿಯವರ ಮಧ್ಯಾಹ್ನದ ನಿದ್ದೆ ಕೆಡಿಸುವ ದನಿ ನನ್ನದೇ. ಆ ಅಂಗಡಿಯವರು ನನ್ನನ್ನು ಕರೆಸಿ, ಕೂಲರಿಗೆ ಹೊಸ ಹುಲ್ಲು ತುಂಬಿ, ನೀರು ಹೊಯ್ದು, ಚಾಲೂ ಮಾಡಿ ತೋರಿಸಿದರು. ಒದ್ದೆ ಹುಲ್ಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಬಾಯಿ ತಾನಾಗಿ ‘ಹಾಜರ್ ರಿ ಸರ್’ ಅಂದುಬಿಟ್ಟಿತು. ಅಂಗಡಿಯವರು ಗಾಬರಿಯಾಗಿ ಕೂಲರ್ ಬಂದ್ ಮಾಡಿದರು.

ಅದು ಮಾರ್ಚ್ ಪೂರ್ತಿ ರಂಜಾನ್ ಬಿದ್ದಿದ್ದ ವರ್ಷ. ನಾನು ಆಗ ನೀರು ಪರೀಕ್ಷೆ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿದ್ದೆ. ಹಳ್ಳಿಹಳ್ಳಿಗೆ ಹೋಗಿ ಬೋರ್‌ವೆಲ್ಲಿನ ನೀರು ಬಾಟಲಿಗೆ ತುಂಬಿ ತರುವುದು, ಶಹಾಪುರದ ಆಫೀಸಿನಲ್ಲಿ ಅದಕ್ಕೆ ಔಷಧಿ ಹಾಕಿ ಬಣ್ಣ ನೋಡುವುದು, ನೋಡಿದ್ದನ್ನು ಟ್ಯಾಬಿನಲ್ಲಿ ತುಂಬುವುದು. ಆಫೀಸ್ ಅಂದರೆ ಒಂದು ಕೋಣೆ, ಒಂದು ಕೂಲರ್, ಮೂರು ಜನ. ಸುರಪುರದ ಕಡೆಯ ಹಳ್ಳಿಗಳು ಶಾಹೀನ್ ಆಪಾ ಅವರವು, ಶಹಾಪುರದ ಕಡೆಯವು ನನ್ನವು. ಮೂರನೆಯವರು ಬಾಟಲಿ ತೊಳೆಯುವ ಭೀಮಣ್ಣ ಕಾಕಾ. ನಮ್ಮೆಲ್ಲರ ಮೇಲಿನವರು ಯಾದಗಿರಿಯಲ್ಲಿದ್ದ ಮ್ಯಾನೇಜರ್, ಶರಣಪ್ಪ ಸರ್.

ಬಿಸಿಲು ಆಗಲೇ ಕುದಿಯುತ್ತಿತ್ತು. ಬೋರ್‌ವೆಲ್ಲಿನ ಹ್ಯಾಂಡಲ್ ಮುಟ್ಟಿದರೆ ಕೈ ಸುಡುತ್ತಿತ್ತು. ಆಪಾ ರೋಜಾದ ಉಪವಾಸ ಹಿಡಿದುಕೊಂಡೇ ಆ ಬಿಸಿಲಲ್ಲಿ ಓಡಾಡಿ, ದಿನವಿಡೀ ನೀರು ತುಂಬಿ, ನೀರು ನೋಡಿ, ನೀರು ಹೊತ್ತು, ಒಂದು ಹನಿ ನೀರು ಕುಡಿಯದೆ ಐದರ ಬಸ್ಸಿಗೆ ಸುರಪುರಕ್ಕೆ ಹೊರಡುತ್ತಿದ್ದರು. ಆ ಬಸ್ಸು ಹಿಡಿದರೆ ರೋಜಾ ಬಿಡುವ ಇಫ್ತಾರಿನ ಹೊತ್ತಿಗೆ ಮನೆ. ಅವರ ಗಂಡ ಖಾಜಾ ಭಾಯಿ ಟೆಂಪೊ ಓಡಿಸುತ್ತಿದ್ದವರು, ಹಿಂದಿನ ದೀಪಾವಳಿಯ ಹೊತ್ತಿಗೆ ಬಿದ್ದು ಬಲತೋಳು ಮುರಿದುಕೊಂಡು ಮನೆಯಲ್ಲಿದ್ದರು. ಮನೆ ನಡೆಯುತ್ತಿದ್ದದ್ದು ಆಪಾ ಅವರ ನೌಕರಿಯ ಮೇಲೆ. ನೌಕರಿ ನಿಂತಿದ್ದದ್ದು ಪ್ರತಿ ಮಾರ್ಚಿನ ಕೊನೆಗೆ ಶರಣಪ್ಪ ಸರ್ ಮೇಲಕ್ಕೆ ಕಳಿಸುವ ಯಾದಿಯ ಮೇಲೆ. ಯಾದಿಯಲ್ಲಿ ಹೆಸರಿದ್ದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಮನೆ.

ಆಪಾ ರಂಜಾನಿನ ಮೊದಲ ದಿನವೇ ಸುರಪುರದ ಯಾವುದೋ ಬಟ್ಟೆ ಅಂಗಡಿಯವರು ಹಂಚಿದ ಸಹರಿ-ಇಫ್ತಾರಿನ, ಅಂದರೆ ರೋಜಾ ಹಿಡಿಯುವ-ಬಿಡುವ ವೇಳೆಯ ಕಾರ್ಡ್ ತಂದು ಕೂಲರಿನ ಪಕ್ಕದ ಗೋಡೆಗೆ ಅಂಟಿಸಿದ್ದರು. ಸೂರ್ಯ ಇಡೀ ತಿಂಗಳ ತನ್ನ ಕಾರ್ಯಕ್ರಮವನ್ನು ಮೊದಲೇ ಅಚ್ಚು ಹಾಕಿಸಿ ಕೊಟ್ಟಿದ್ದ. ಶರಣಪ್ಪ ಸರ್ ಹಾಗಲ್ಲ. ಅವರ ಮೆಸೇಜು ಸಂಜೆ ನಾಲ್ಕೂ ಮುಕ್ಕಾಲಿಗೆ, ನಾವು ಬ್ಯಾಗಿನ ಜಿಪ್ ಎಳೆಯುವ ಹೊತ್ತಿಗೆ ಬರುತ್ತಿತ್ತು: ‘ಇಂದು 6.15ಕ್ಕೆ ತುರ್ತು ಸಭೆ. ಎಲ್ಲರೂ ಟ್ಯಾಬ್‌ನಲ್ಲಿ ಸೇರತಕ್ಕದ್ದು.’ ಟ್ಯಾಬು ಆಫೀಸು ಬಿಟ್ಟು ಮನೆಗೆ ಹೋಗುವ ಹಾಗಿರಲಿಲ್ಲ. ಅಂದಮೇಲೆ ನಾವೂ ಹೋಗುವ ಹಾಗಿರಲಿಲ್ಲ. ಶಹಾಪುರದಲ್ಲಿ ಸಂಜೆ ಆರರ ಮೇಲೆ ಯಾರ ಮೆಸೇಜಿನ ಹಂಗೂ ಇಲ್ಲದೆ ನೆಮ್ಮದಿಯಿಂದ ಮಲಗಿದ್ದವನು ಊರಂಚಿನ ಗುಡ್ಡಗಳ ಸಾಲಿನಲ್ಲಿ ಮಲಗಿದ ಹಾಗೆ ಕಾಣುವ ಬುದ್ಧ ಒಬ್ಬನೇ.

ಆ ತಿಂಗಳ ಮೊದಲ ತುರ್ತು ಸಭೆಯ ಮೆಸೇಜು ಬಂದಾಗ ಆಪಾ ಬಾಗಿಲಲ್ಲಿದ್ದರು. ಓದಿದರು. ಗೋಡೆಯ ಕಾರ್ಡ್ ನೋಡಿದರು. ತಮ್ಮ ಫೋನ್ ತೆಗೆದು ಏನೋ ಒತ್ತಲು ಶುರು ಮಾಡಿದರು. ಅಷ್ಟರಲ್ಲಿ ನನ್ನೊಳಗಿನ ಮಹಾಪುರುಷ ಎದ್ದು ನಿಂತ.

“ಆಪಾ, ನೀವು ಹೋಗ್ರಿ. ನಿಮ್ಮ ಟ್ಯಾಬ್ ನಾ ನೋಡ್ಕೋತೀನಿ.”

“ನೋಡ್ಕೋತೀ ಅಂದ್ರ? ಸರ್ ಹೆಸರ ಕರೀತಾರ ಬಸು.”

ನಾನು ಗಂಟಲು ಸರಿಮಾಡಿಕೊಂಡು, ಸ್ವಲ್ಪ ಮೂಗಿನಿಂದ, ಸ್ವಲ್ಪ ಎಳೆದು, “ಹಾಜರ್ ರೀ ಸರ್...” ಅಂದೆ.

ಭೀಮಣ್ಣ ಕಾಕಾ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು ಒಮ್ಮೆ ಆಪಾ ಮುಖ ನೋಡಿದರು, ಒಮ್ಮೆ ನನ್ನದು. “ಇವನೌನ! ಬಾಯಿ ಬ್ಯಾರೆ, ಧ್ವನಿ ಬ್ಯಾರೆ!”

ಆಪಾ ನಕ್ಕುಬಿಟ್ಟರು. ಆದರೂ ಫೋನ್ ಕೈಯಲ್ಲೇ ಹಿಡಿದು ನಿಂತಿದ್ದರು. “ನಹೀ ಬಸು, ಬ್ಯಾಡ. ನಾ ಸರ್‌ಗೆ...”

“ಆಪಾ, ಬಸ್ ಹೋಗ್ತದ ನೋಡ್ರಿ!” ಅಂತ ಅವರನ್ನು ಹೆಚ್ಚುಕಡಿಮೆ ದೂಡಿಯೇ ಕಳಿಸಿದೆ.

ಸಭೆ ಬರೀ ದನಿಯದು. ವೀಡಿಯೊ ಹಾಕಿದರೆ ನೆಟ್‌ವರ್ಕ್ ಹೊತ್ತುಕೊಳ್ಳುತ್ತಿರಲಿಲ್ಲ. ಸರ್ ಒಬ್ಬೊಬ್ಬರ ಹೆಸರು ಕರೆಯುವುದು, ನಾವು ‘ಹಾಜರ್ ರಿ’ ಅನ್ನುವುದು, ಆಮೇಲೆ ಹತ್ತು ಹದಿನೈದು ನಿಮಿಷ ಬೈಸಿಕೊಳ್ಳುವುದು; ಸಭೆ ಅಂದರೆ ಇಷ್ಟೇ. ಆವತ್ತು ನಾನು ಮಂಡಿಯ ಮೇಲೆ ಎರಡು ಟ್ಯಾಬ್ ಇಟ್ಟುಕೊಂಡು ಎರಡು ಜನ್ಮ ಎತ್ತಿದೆ. ಯಾರಿಗೂ ಗೊತ್ತಾಗಲಿಲ್ಲ. ಮರುದಿನ ಆಪಾ ನನಗೆ ಮನೆಯಿಂದ ಖರ್ಜೂರ ತಂದರು. ಎರಡನೆಯ ಸಲ ಸಮೋಸಾ. ಮೂರನೆಯ ಸಲದ ಹೊತ್ತಿಗೆ ನಾನು ಸಭೆಗಾಗಿ ಕಾಯತೊಡಗಿದ್ದೆ. ಇಡೀ ಜಿಲ್ಲೆಯಲ್ಲಿ ತುರ್ತು ಸಭೆಯ ಮೆಸೇಜು ನೋಡಿ ಖುಷಿಪಡುತ್ತಿದ್ದ ಏಕೈಕ ಪ್ರಾಣಿ ನಾನು.

ನಾಲ್ಕನೆಯ ಸಲ ಕೆಟ್ಟಿತು.

ಆವತ್ತು ಸರ್ ಹೆಸರು ಕರೆದು ಸುಮ್ಮನಾಗಲಿಲ್ಲ. “ಶಾಹೀನವರ, ಧ್ವನಿ ಯಾಕ ಹಿಂಗಾಗ್ಯಾದ?”

“ರೋಜಾ ಅದ ರೀ ಸರ್. ಗಂಟಲ ಒಣಗ್ಯಾದ್ರಿ,” ಅಂದೆ, ಆಪಾ ಆಗಿ.

“ಹೌದ್ ಹೌದು, ಪಾಪ. ಬಸವರಾಜ ಅದಾನೇನು?”

“ಹಾಜರ್ ರೀ ಸರ್...” ಅಂದೆ. ಅದೂ ಆಪಾ ಆಗಿಯೇ ಬಂತು. ನನ್ನ ಹೆಸರಿಗೆ ನಾನೇ ಹೆಣ್ಣಿನ ದನಿಯಲ್ಲಿ ಓಗೊಟ್ಟಿದ್ದೆ. “ಏನೋ ಬಸವರಾಜ, ನಿನಗೂ ಗಂಟಲ ಹತ್ಯಾದೇನು?” ಅಂದರು ಸರ್. ಭೀಮಣ್ಣ ಕಾಕಾ ನಗು ತಡೆಯಲಾಗದೆ ಟವೆಲ್ಲು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದರು.

ನಾನು ಅಲ್ಲಿಗೇ ನಿಲ್ಲಬೇಕಿತ್ತು. ನೆಟ್‌ವರ್ಕ್ ಹೋಯಿತು ಅಂತ ಟ್ಯಾಬ್ ಮುಚ್ಚಿದ್ದರೂ ನಡೆಯುತ್ತಿತ್ತು. ಆದರೆ ಸಿಕ್ಕಿಬೀಳದೆ ಉಳಿದವನಿಗೆ ಧೈರ್ಯ ಬರುತ್ತದಲ್ಲ, ಅದು ಬಂತು.

“ಶಾಹೀನವರ, ನಿಮ್ಮ ಕಡಿ ಬೋರಿನ ಸ್ಯಾಂಪಲ್ ಎಲ್ಲೀ ತನಕ ಬಂದಾವ?”

ನನಗೇನು ಗೊತ್ತು? “ಎಲ್ಲಾ ಮುಗದಾವ್ರಿ ಸರ್.”

“ಎಲ್ಲಾ? ಮೊನ್ನೆ ಅರ್ಧಾ ಉಳದಾವ ಅಂದಿದ್ರಿ?”

“ಹೌದ್ರಿ ಸರ್. ಮುಗಿಸೀನ್ರಿ ಸರ್.”

“ಶಹಬ್ಬಾಸ್! ಏ, ಕೇಳ್ರಪ್ಪಾ ಎಲ್ಲಾರೂ. ರೋಜಾ ಹಿಡದು ಹೆಣ್ಮಗಳು ಮುಗಿಸ್ಯಾಳ, ನೀವೇನ್ ಮಾಡಾಕತ್ತೀರಿ? ಶಾಹೀನವರ, ನಾಳಿ ಮುಂಜಾನಿ ಒಂಬತ್ತಕ್ಕ ಯಾದಗಿರಿಗೆ ಬರ್ರಿ. ಮ್ಯಾಲಿನ ಸಾಹೇಬ್ರು ಬರಾಕತ್ತಾರ. ಅವರ ಮುಂದ ನೀವ ನಿಂತು ಹೇಳ್ರಿ. ಬರ್ತೀರಲ್ಲ?”

“ಹೌದ್ರಿ ಸರ್. ಬರ್ತೀನ್ರಿ ಸರ್. ಥ್ಯಾಂಕ್ಯೂ ರಿ ಸರ್.”

ಕಾಲ್ ಮುಗಿದಾಗ ಹೊರಗೆ ಅಜಾನ್ ಕೇಳುತ್ತಿತ್ತು. ಆಪಾಗೆ ತಕ್ಷಣ ಫೋನ್ ಮಾಡಬೇಕು ಅಂತ ನನಗೂ ಅನಿಸಿತು. ಅಷ್ಟು ಬುದ್ಧಿ ಇತ್ತು. ಆದರೆ ಈಗಷ್ಟೇ ರೋಜಾ ಬಿಡುತ್ತಿರುತ್ತಾರೆ, ಒಂದು ತುತ್ತು ತಿನ್ನಲಿ, ಅರ್ಧ ಗಂಟೆ ಬಿಟ್ಟು ಮಾಡಿದರಾಯಿತು ಅಂದುಕೊಂಡೆ. ಆ ಅರ್ಧ ಗಂಟೆಯಲ್ಲಿ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತಿಂದೆ. ತಿನ್ನುತ್ತಾ ಭಜಿಯವನಿಗೂ ಅವನ ಗಿರಾಕಿಗಳಿಗೂ ಶರಣಪ್ಪ ಸರ್ ದನಿ ಮಾಡಿ ತೋರಿಸಿದೆ. ಜನ ನಕ್ಕರು. ಇನ್ನೊಂದು ಪ್ಲೇಟ್ ಪುಕ್ಕಟೆ ಬಂತು. ಮನೆಗೆ ಹೋಗಿ ಮಲಗಿದೆ. ನನಗೆ ಎಲ್ಲರ ದನಿ ನೆನಪಿತ್ತು. ಫೋನ್ ಮಾಡುವುದೊಂದು ಮರೆತಿತ್ತು.

ಮರುದಿನ ಒಂಬತ್ತೂವರೆಗೆ ಆಫೀಸಿನ ಬೀಗ ತೆಗೆದಾಗ ಆಪಾ ಅವರ ಟ್ಯಾಬು ಮೇಜಿನ ಮೇಲೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲೆ ಸರ್ ಹೆಸರು. ಎತ್ತಲಿಲ್ಲ. ಎತ್ತಿ ಯಾರ ದನಿಯಲ್ಲಿ ಮಾತಾಡಲಿ? ಆಪಾ ಫೋನಿಗೆ ಮಾಡಿದೆ, ಹತ್ತಲಿಲ್ಲ. ಅವರು ಬೆಳಿಗ್ಗೆಯೇ ಉಳಿದ ಬೋರಿನ ಸ್ಯಾಂಪಲ್ ತರಲು ನೆಟ್‌ವರ್ಕ್ ಇಲ್ಲದ ಯಾವುದೋ ಹಳ್ಳಿಗೆ ಹೋಗಿದ್ದರು. ನಾನು ‘ಎಲ್ಲಾ ಮುಗದಾವ್ರಿ’ ಅಂದಿದ್ದ ಅದೇ ಸ್ಯಾಂಪಲ್ಲು.

ಮಧ್ಯಾಹ್ನ ಎರಡಕ್ಕೆ ಆಪಾ ಬಂದರು. ಬಾಟಲಿಯ ಚೀಲ ಇಳಿಸಿದರು. ಕೂಲರಿನ ಮುಂದೆ ಕೂತು ದುಪಟ್ಟಾದ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

“ಬಸು, ನಿನ್ನಿ ನಾ ಸರ್ ಸಂಗಟ ಮಾತಾಡೀನಂತ. ಏನ್ ಮಾತಾಡೀನಿ? ನೀನ ಹೇಳಪಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲ ಹೇಳಿದೆ. ಭೀಮಣ್ಣ ಕಾಕಾ ತೊಳೆದ ಬಾಟಲಿಯನ್ನೇ ಮತ್ತೆ ತೊಳೆಯುತ್ತಿದ್ದರು.

ದಾರಿಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಸರ್ ಫೋನ್ ಬಂದಿತ್ತಂತೆ. ಸಾಹೇಬರು ಬಂದು ಕೂತು, ಎಲ್ಲರ ಮುಂದೆ ಶಾಹೀನ್ ಬೇಗಂ ಯಾರು ಅಂತ ಕೇಳಿದರಂತೆ. ಎದ್ದು ನಿಲ್ಲಲು ಯಾರೂ ಇರಲಿಲ್ಲ. ಸರ್ ತಮ್ಮ ಟ್ಯಾಬಿನಲ್ಲಿ ಲೆಕ್ಕ ತೆಗೆದು ನೋಡಿದರೆ ಅರ್ಧ ಸ್ಯಾಂಪಲ್ಲಿನ ಜಾಗ ಖಾಲಿ. ಸುಳ್ಳು ಹೇಳುವವರು ನಮಗೆ ಬೇಡ ಅಂದರಂತೆ ಸಾಹೇಬರು. ಯಾದಿಯಿಂದ ಆಪಾ ಹೆಸರು ಅಲ್ಲಿಯೇ ಹೊಡೆದು ಹಾಕಿದ್ದರು.

“ನೀವ್ ಏನಂದ್ರಿ ಆಪಾ?”

“ಏನನ್ಲಿ? ಮರತೀನ್ರಿ ಸರ್ ಅಂದೆ.”

“ನನ್ನ ಹೆಸರ ಹೇಳಬೇಕಿತ್ತಲ್ರಿ?”

“ನಿನ್ನ ಹೆಸರ ಹೇಳಿದ್ರ ಯಾದಿಯಾಗಿಂದ ಇಬ್ಬರ ಹೆಸರ ಹೋಗ್ತಿತ್ತು,” ಅಂದರು ಆಪಾ. ಎದ್ದು ಔಷಧಿಯ ಡಬ್ಬಿ ತೆಗೆದು, ತಂದಿದ್ದ ನೀರಿನ ಬಣ್ಣ ನೋಡಲು ಕೂತರು. ಯಾದಿಯಲ್ಲಿ ಇಲ್ಲದವರು ಆ ಕೆಲಸ ಮಾಡುವ ಅಗತ್ಯವೇ ಇರಲಿಲ್ಲ. “ಆ ಊರಾಗಿನ ಮಂದಿ ಕುಡಿಯೋ ನೀರು ಬಸು,” ಅಂದರು, ನಾನು ಕೇಳದೆಯೇ.

ಭಾನುವಾರ ಬೆಳಿಗ್ಗೆ ಯಾದಗಿರಿಯ ಬಸ್ಸು ಹತ್ತಿದೆ. ಭೀಮಾ ಸೇತುವೆ ದಾಟುವ ತನಕ ತಪ್ಪೊಪ್ಪಿಗೆಯನ್ನು ಏಳು ಥರದ ದನಿಯಲ್ಲಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಎದ್ದು ಹಿಂದಿನ ಸೀಟಿಗೆ ಹೋದರು.

ಸರ್ ಮನೆಯ ಬಾಗಿಲು ಅವರ ಹೆಂಡತಿ ತೆಗೆದರು. “ಕೂಡ್ರಪ್ಪಾ. ಅವರು ಕಾಲ್‌ನ್ಯಾಗ ಅದಾರ. ಏಳಕ್ಕ ಶುರು ಆಗ್ಯಾದ. ನಮ್ಮ ಮನ್ಯಾಗ ಭಾನುವಾರ ಬರೇ ಕ್ಯಾಲೆಂಡರಿನ್ಯಾಗ ಅದ.”

ಪಡಸಾಲೆಯ ಮೂಲೆಯಲ್ಲಿ ಸರ್ ಅವರ ನಾಷ್ಟಾದ ತಟ್ಟೆಯನ್ನು ಇನ್ನೊಂದು ತಟ್ಟೆ ಮುಚ್ಚಿಕೊಂಡು ಕೂತಿತ್ತು. ಹಿತ್ತಲಿನ ಕಡೆ ಶರಣಪ್ಪ ಸರ್, ಬನಿಯನ್ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿಗೆ ಹೇಳುತ್ತಿದ್ದರು: “ಹೌದ್ರಿ ಸರ್... ಮಾಡ್ತೀನ್ರಿ ಸರ್... ಇವತ್ತ ಸಂಜಿಕಿ ಎಲ್ಲಾರನೂ ಕರೀತೀನ್ರಿ ಸರ್... ಹೌದ್ರಿ ಸರ್.” ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಸಭೆಯ ಸಿಂಹದ ದನಿಯಲ್ಲ ಅದು. ಸಭೆಯಲ್ಲಿ ನಮ್ಮದು ಹೇಗಿರುತ್ತಿತ್ತೋ ಹಾಗಿತ್ತು. ನಮ್ಮ ಆರೂಕಾಲು ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಆವತ್ತು ಗೊತ್ತಾಯಿತು.

ಫೋನಿಟ್ಟು ಬಂದ ಮೇಲೆ ಅವರಿಗೆ ಎಲ್ಲ ಹೇಳಿದೆ. ಏಳು ದನಿಯಲ್ಲಿ ಒಂದೂ ಬರಲಿಲ್ಲ. ನನ್ನದೇ ಬಂತು. ಅವರು ನಂಬಲಿಲ್ಲ. “ನಾಲ್ಕು ಸಲ? ನನಗ ತಿಳೀಲಿಲ್ಲಂದ್ರ? ಎಲ್ಲಿ, ಮಾಡು ನೋಡೂಣು.”

“ಬ್ಯಾಡ್ರಿ ಸರ್.”

“ಮಾಡಂದ್ರ ಮಾಡ್ಲೇ!”

“ಹಾಜರ್ ರೀ ಸರ್... ಗಂಟಲ ಒಣಗ್ಯಾದ್ರಿ...”

ಅಡುಗೆಮನೆಯಿಂದ ಅವರ ಹೆಂಡತಿ ಧಾವಿಸಿ ಬಂದರು. “ಯಾರ್ರೀ ಬಂದಾರ? ಯಾವ ಹೆಣ್ಮಗಳು?”

ಸರ್ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಒಮ್ಮೆಲೇ ನಿಲ್ಲಿಸಿ, ತಟ್ಟೆಯ ಕಡೆ ನೋಡುತ್ತಾ ಕೂತರು. “ಅಷ್ಟ ಮಂದಿ ಮುಂದ ಆಕಿಗೆ ಸುಳ್ಳಿ ಅಂತ ಅನಿಸಿದೆನಲ್ಲೋ. ಫೋನಿನ್ಯಾಗ ಆಕಿ ಒಂದು ಮಾತ ತಿರುಗಿ ಹೇಳಲಿಲ್ಲ.” ನನ್ನ ಕಡೆ ತಿರುಗಿ ಹೇಳಿದರು, “ಯಾದಿ ಇನ್ನಾ ಕೈಬಿಟ್ಟು ಹೋಗಿಲ್ಲ. ಹೆಸರ ಸೇರಿಸಬೇಕಂದ್ರ ಸಾಹೇಬ್ರಿಗೆ ಕಾರಣಾ ಕೊಡಬೇಕು. ಕಾರಣಾ ಅಂದ್ರ ನೀನು. ಬರದು ಕೊಡ್ತೀ? ಕೊಟ್ರ ನಿನ್ನ ಹೆಸರ ಇರಂಗಿಲ್ಲ ನೋಡು.”

ಇಲ್ಲಿ ನಾನು ದೊಡ್ಡ ತ್ಯಾಗಿಯ ಹಾಗೆ ತಟ್ಟನೆ ಪೆನ್ನು ತೆಗೆದೆ ಅಂತ ಬರೆಯಬಹುದು. ನಿಜ ಹೇಳುತ್ತೇನೆ: ಮೊದಲು ಒಂದು ಲೋಟ ನೀರು ಕೇಳಿದೆ. ಆಮೇಲೆ ಇನ್ನೊಂದು. ಅಷ್ಟು ಹೊತ್ತೂ, ನೀರಿಲ್ಲದೆ ಬಿಸಿಲಲ್ಲಿ ಬಂದು ಕೂಲರ್ ಮುಂದೆ ಕೂತ ಆಪಾ ಮುಖ ಕಣ್ಣ ಮುಂದಿತ್ತು. ಎರಡನೆಯ ಲೋಟ ಮುಗಿದಾಗ ಬರೆದೆ. ಅದೊಂದು ಸಲ ನನ್ನ ಹೆಸರಿಗೆ ನಾನೇ ಸಹಿ ಹಾಕಿದೆ.

ಸೋಮವಾರ ಶರಣಪ್ಪ ಸರ್ ಖುದ್ದಾಗಿ ಶಹಾಪುರಕ್ಕೆ ಬಂದರು. ನನ್ನ, ಭೀಮಣ್ಣ ಕಾಕಾ ಮುಂದೆಯೇ ಆಪಾಗೆ, “ತಪ್ಪಾಗ್ಯಾದ್ರಿ ಶಾಹೀನವರ. ನಿಮ್ಮ ಹೆಸರ ಸೇರ್ಸೀನಿ,” ಅಂದರು. ಆಮೇಲೆ ಗೋಡೆಯ ಕಾರ್ಡಿನ ಮುಂದೆ ನಿಂತು ಬಹಳ ಹೊತ್ತು ಓದಿದರು. “ಹಂಗಾದ್ರ ಮೀಟಿಂಗ್ ಎಷ್ಟಕ್ಕ ಇಟ್ರ ನಿಮಗ ಆಗ್ತದ?”

“ನಾಲ್ಕಕ್ಕ ಇಡ್ರಿ ಸರ್. ಐದರ ಮ್ಯಾಲ ಆಗಂಗಿಲ್ರಿ,” ಅಂದರು ಆಪಾ. ಯಾವ ನಡುಕವೂ ಇಲ್ಲ, ಸಿಟ್ಟೂ ಇಲ್ಲ; ಬಸ್ಸಿನ ವೇಳೆ ಹೇಳಿದ ಹಾಗೆ.

“ಮ್ಯಾಲಿಂದ ಐದರ ಮ್ಯಾಲ ಫೋನ್ ಬಂದ್ರ ನಾ ಏನ್ ಮಾಡ್ಲಿ?”

“ಬಂದ್ರ ಹೇಳ್ರಿ ಸರ್, ಮಂದಿ ಬಸ್ ಹತ್ಯಾರ ಅಂತ. ನೀವೂ ಒಮ್ಮೆ ಹೇಳಿ ನೋಡ್ರಿ.”

ಸರ್ ಜೇಬಿನಿಂದ ಪೆನ್ನು ತೆಗೆದು ಕಾರ್ಡಿನ ಅಂಚಿನಲ್ಲಿ ‘ಸಭೆ - 4’ ಅಂತ ಬರೆದರು. ತುರ್ತು ಸಭೆಗಳು ಪೂರ್ತಿ ನಿಂತವು ಅಂತ ಹೇಳಿದರೆ ನೀವೂ ನಂಬುವುದಿಲ್ಲ. ಆ ತಿಂಗಳಲ್ಲೇ ಮತ್ತೆರಡು ಸಲ ಆರೂಕಾಲರ ಮೆಸೇಜು ಬಂತು. ಆದರೆ ಅದರ ಕೆಳಗೆ ಒಂದು ಸಾಲು ಹೆಚ್ಚಿಗೆ ಇತ್ತು: ‘ಬಸ್ಸಿಗೆ ಹೋಗುವವರು ಮೊದಲೇ ಫೋನಿನಲ್ಲಿ ತಿಳಿಸಿ ಹೊರಡಬಹುದು.’ ಆಪಾ ಫೋನ್ ಮಾಡಿ ತಿಳಿಸಿ, ಹೊರಟರು. ನಾನು ಒಂದೇ ಟ್ಯಾಬ್ ಇಟ್ಟುಕೊಂಡು, ಒಂದೇ ದನಿಯಲ್ಲಿ, ಬಹಳ ಬೇಸರದಿಂದ ಸಭೆ ಕೇಳಿದೆ.

ರಂಜಾನ್ ಹಬ್ಬ ಮಾರ್ಚ್ ಮುಗಿಯುವ ದಿನವೇ ಬಂತು. ನನ್ನ ನೌಕರಿಯ ಕೊನೆಯ ದಿನವೂ ಅದೇ. ಆಪಾ ರಂಗಂಪೇಟೆಯ ತಮ್ಮ ಮನೆಗೆ ಕರೆದಿದ್ದರು. ಖಾಜಾ ಭಾಯಿ ಎಡಗೈಯಲ್ಲೇ ಶ್ಯಾವಿಗೆಯ ಶೀರ್ ಖುರ್ಮಾ ಬಡಿಸಿ, “ಏ ಬಸು, ಮೇರಿ ಬೀವಿ ಕಾ ಆವಾಜ್ ನಿಕಾಲ್ಕೇ ದಿಖಾ!” ಅಂತ ಗಂಟುಬಿದ್ದರು. ಹೆಂಡತಿಯ ದನಿ ಮಾಡಿ ತೋರಿಸಬೇಕಂತೆ. ಮಕ್ಕಳೂ ಕಾಯುತ್ತಾ ಕೂತಿದ್ದವು. ಬಾಯಿ ತೆರೆದೆ. ಬರಲಿಲ್ಲ. ಎದುರಿಗೆ ಆಪಾ ಕೂತಿದ್ದರು.

“ಮಾಫ್ ಮಾಡ್ರಿ ಆಪಾ,” ಅಂದೆ. ಅಷ್ಟು ದಿನ ಅದೊಂದು ಮಾತು ಬಾಕಿ ಇತ್ತು.

ಆಪಾ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದರು.

“ಪೈಲೇ ದಿನ, ಆ ಮೊದಲನೇ ಮೀಟಿಂಗಿಗೆ, ನಾ ಫೋನ್ ಕೈಯಾಗ ಹಿಡದು ನಿಂತಿದ್ದೆ, ನೆನಪದ ಏನು? ಸರ್‌ಗೇ ಹಚ್ಚಾಕತ್ತಿದ್ದೆ. ಆಗಂಗಿಲ್ರಿ ಅಂತ ಹೇಳೂದಿತ್ತು. ನೀ ಹೇಳಗೊಡ್ಲಿಲ್ಲ.” ಆಮೇಲೆ ನಕ್ಕು ಹೇಳಿದರು, “ನನ್ನ ಧ್ವನಿ ಖರೇನ ಚಲೋ ತಗೀತಿ ಬಸು. ಆದ್ರ ನಾಲ್ಕು ಸಲ ನನ್ನ ಧ್ವನ್ಯಾಗ ಬರೇ ‘ಹೌದ್ರಿ ಸರ್’ ಅಂದಿ ನೋಡು. ನಾ ಅಷ್ಟು ಹೌದ್ರಿ ಅನ್ನೋಕಿ ಅಲ್ಲಪಾ.”